ಮರೆತವನ ಋಣ

ನೆನಪೆಂಬುದು ಒಂದೇ ಕಣಜವೆಂಬ ನಂಬಿಕೆಯನ್ನು ಅಲುಗಿಸಿದವನು ಅಮೆರಿಕದ ಹೆನ್ರಿ ಮೊಲೈಸನ್ ಎಂಬ ರೋಗಿ. 1953ರಲ್ಲಿ, ಮೂರ್ಛೆರೋಗದ ಶಮನಕ್ಕೆಂದು, ಶಸ್ತ್ರವೈದ್ಯ ಸ್ಕೋವಿಲ್ ಆತನ ಮಿದುಳಿನ ಎರಡು ಪಕ್ಕಗಳಲ್ಲೂ ಹಿಪೊಕ್ಯಾಂಪಸ್ ಎಂಬ ಅಂಗದ ಭಾಗಗಳನ್ನು ತೆಗೆದರು. ರೋಗ ತಗ್ಗಿತು, ಹೊಸ ನೆನಪು ನಿಲ್ಲದಾಯಿತು. ಕನ್ನಡಿಯಲ್ಲಷ್ಟೇ ನೋಡುತ್ತ ನಕ್ಷತ್ರಾಕೃತಿಯ ಮೇಲೆ ಗೆರೆಯೆಳೆಯುವ ಅಭ್ಯಾಸವನ್ನು ಬ್ರೆಂಡಾ ಮಿಲ್ನರ್ ಆತನಿಗೆ ಕೊಟ್ಟರು. ದಿನೇ ದಿನೇ ಕೈ ಪಳಗಿತು. ಹಿಂದೆ ಅಭ್ಯಾಸ ಮಾಡಿದ ನೆನಪು ಮಾತ್ರ ಆತನಿಗಿರಲಿಲ್ಲ. ಕೈಯ ಕಲಿಕೆ ಬೇರೆ, ಘಟನೆಗಳ ಸ್ಮರಣೆ ಬೇರೆಯೆಂಬುದು ಹೀಗೆ ತಿಳಿದುಬಂತು.

ಇದನ್ನು ದಾನವೆನ್ನುವುದೂ ಕಷ್ಟ: ಕೊಟ್ಟೆನೆಂಬ ಅರಿವೇ ಆತನಲ್ಲಿ ನಿಲ್ಲುತ್ತಿರಲಿಲ್ಲ. ಪಡೆದವರು ಸಾಲವೆಂದೇ ಎಣಿಸಬೇಕು. 2008ರಲ್ಲಿ ತೀರಿಕೊಳ್ಳುವವರೆಗೆ ಗೋಪ್ಯತೆಗಾಗಿ ಗ್ರಂಥಗಳಲ್ಲಿ ಆತ ಬರಿಯ ‘ಎಚ್. ಎಂ.’ ಆಗಿದ್ದ. ಇಂದು ಆ ಮರೆ ಬೇಕಿಲ್ಲ. ಪಾಠ ಹೇಳುವವರು ಹಿಪೊಕ್ಯಾಂಪಸ್ಸಿನೊಡನೆ ಹೆನ್ರಿಯ ಹೆಸರನ್ನೂ ಹೇಳಲಿ.