ಲಾಂಗ್ ರೈಡ್ ಬ್ಯಾಗಿನಲ್ಲಿ ಏನಿರಬೇಕು? ಫಾರ್ವರ್ಡ್ ಪಟ್ಟಿ ನಂಬುವ ಮುನ್ನ ಓದಿ

‘ಬೈಕಿನಲ್ಲಿ ದೂರ ಹೋಗುವವರು ಇವನ್ನೆಲ್ಲ ಇಟ್ಟುಕೊಳ್ಳಲೇಬೇಕು’ ಎಂಬ ಉದ್ದನೆಯ ಪಟ್ಟಿಗಳು ವಾಟ್ಸ್ಆ್ಯಪ್‌ನಲ್ಲಿ ಬರುತ್ತಲೇ ಇರುತ್ತವೆ. ಆದರೆ ಪಟ್ಟಿ ಉದ್ದವಾದಷ್ಟೂ ಸುರಕ್ಷತೆ ಹೆಚ್ಚುವುದಿಲ್ಲ. ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡೇ: ಈ ದಾರಿಯಲ್ಲಿ ಏನು ತೊಂದರೆ ಆಗಬಹುದು? ಸಹಾಯ ಬರುವವರೆಗೆ ನಾನೇ ಏನು ಮಾಡಬಲ್ಲೆ?

ಚಳ್ಳಕೆರೆಯಿಂದ ತಳಕು, ಹಾನಗಲ್, ರಾಂಪುರದ ಮೇಲೆ ಬಳ್ಳಾರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ನೋಡಿ. ಊರುಗಳ ನಡುವೆ ಬಯಲು, ನೆರಳು ಕಡಿಮೆ. ಮೊಳಕಾಲ್ಮೂರು ಕಡೆಯ ಹಳ್ಳಿ ದಾರಿಗೆ ಇಳಿದರೆ ಜಾಲಿ ಮುಳ್ಳಿನ ಕಾಟ.

ಪಂಕ್ಚರ್ ಕಿಟ್ ಇದ್ದರೆ ಸಾಕೇ?
ಸಾಲದು. ಸ್ಟ್ರಿಪ್ ಹಾಕುವ ಕಿಟ್ ಟ್ಯೂಬ್‌ಲೆಸ್ ಟೈರಿಗೆ ಮಾತ್ರ. ಟ್ಯೂಬ್ ಇರುವ ಟೈರಿಗೆ ಬೇರೆ ಟ್ಯೂಬ್, ಚಕ್ರ ಬಿಚ್ಚುವ ಸ್ಪ್ಯಾನರ್, ಟೈರ್ ಲಿವರ್, ಪಂಪ್ ಬೇಕು. ಹೊರಡುವ ಮುನ್ನ ಮನೆ ಮುಂದೆ ಒಮ್ಮೆ ಬಿಚ್ಚಿ ಹಾಕಿ ನೋಡಿ. ಬಳಸಲು ಬಾರದ ಸಾಮಾನು ಬರೀ ಭಾರ.

ಬಾಟಲಿಯಲ್ಲಿ ಪೆಟ್ರೋಲ್?
ಬೇಡ. ಬಿಸಿಲಿಗೆ ಪೆಟ್ರೋಲ್ ಆವಿಯಾಗಿ ಬಾಟಲಿಯೊಳಗೆ ಒತ್ತಡ ಹೆಚ್ಚುತ್ತದೆ. ಸೋರಿದ ಆವಿಗೆ ಒಂದು ಕಿಡಿ ಸಾಕು. ಊರು ಬಿಡುವಾಗಲೇ ಟ್ಯಾಂಕ್ ತುಂಬಿಸಿ.

ಗಾಯಕ್ಕೆ ಕಾಫಿಪುಡಿ?
ತಪ್ಪು. ಪುಡಿ ಗಾಯದೊಳಗೆ ಕೊಳೆ ಸೇರಿಸುತ್ತದೆ, ವೈದ್ಯರಿಗೆ ತೊಳೆಯುವ ಕೆಲಸವನ್ನೂ ಹೆಚ್ಚಿಸುತ್ತದೆ. ರಕ್ತ ನಿಲ್ಲಿಸುವುದು ಒತ್ತಡ. ಶುದ್ಧ ಬಟ್ಟೆ ಅಥವಾ ಗಾಜ್ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪದೇ ಪದೇ ತೆಗೆದು ನೋಡಬೇಡಿ. ಹಾಗಾಗಿ ಬ್ಯಾಗಿನಲ್ಲಿ ಗಾಜ್, ಅಗಲವಾದ ಬ್ಯಾಂಡೇಜ್, ಕೈಗವಸು ಇರಲಿ.

ರಕ್ತದ ಗುಂಪು ಬರೆದಿಟ್ಟರೆ ಸಾಕೇ?
ರಕ್ತ ಕೊಡುವ ಮುನ್ನ ಆಸ್ಪತ್ರೆಯವರು ಹೇಗೂ ಪರೀಕ್ಷೆ ಮಾಡುತ್ತಾರೆ. ಅದಕ್ಕಿಂತ ಸಕ್ಕರೆ ಕಾಯಿಲೆ, ಔಷಧಿ ಅಲರ್ಜಿ, ದಿನವೂ ನುಂಗುವ ಮಾತ್ರೆ, ಮನೆಯವರ ನಂಬರ್ ಇರುವ ಚೀಟಿ ಹೆಚ್ಚು ಉಪಯೋಗ. ಮೊಬೈಲ್ ಒಡೆದರೂ ಚೀಟಿ ಉಳಿಯುತ್ತದೆ.

ಇವುಗಳ ಜೊತೆ ನೀರು, ಓಆರ್‌ಎಸ್, ಟಾರ್ಚ್, ಚಾರ್ಜ್ ತುಂಬಿದ ಪವರ್ ಬ್ಯಾಂಕ್ ಇರಲಿ. ಓಆರ್‌ಎಸ್ ಅನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ತುರ್ತು ಕರೆಗೆ 112, ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033. ಕರೆ ಮಾಡಿದಾಗ ‘ಎಲ್ಲಿದ್ದೀರಿ?’ ಎಂಬುದೇ ಮೊದಲ ಪ್ರಶ್ನೆ. ದಾಟುವ ಕಿಲೋಮೀಟರ್ ಕಲ್ಲಿನ ಮೇಲೆ ಕಣ್ಣಿರಲಿ.

ಬಿದ್ದ ಕ್ಷಣದಲ್ಲಿ ಕಾಪಾಡುವುದು ಮಾತ್ರ ಬ್ಯಾಗಿನೊಳಗಿನ ಸಾಮಾನಲ್ಲ, ಮೈಮೇಲಿರುವುದು. ಐಎಸ್‌ಐ ಗುರುತಿನ ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದಿರಬೇಕು. ಹಿಂದೆ ಕೂತವರಿಗೂ ಅಷ್ಟೇ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನೇ ಮೊದಲು ಕಳಿಸಿ.