ಊಟ ಬಲ್ಲವರಾಗುವುದು ಹೇಗೆ?



"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ನಿಮ್ಮ ಅಜ್ಜಿಯೋ ತಾತನೋ ಹೇಳಿದ್ದು ಕೇಳಿರುತ್ತೀರಿ. ಗಾದೆ ಕಟ್ಟಿದವರು "ಊಟ ಬಿಟ್ಟವನಿಗೆ" ಎನ್ನಲಿಲ್ಲ, "ಊಟ ಬಲ್ಲವನಿಗೆ" ಎಂದರು. ಈ ಸಲದ ನಮ್ಮ ಮಾತುಕತೆ ಆ ಒಂದು ಪದದ ಸುತ್ತ.

ಸಂಘದ ಯಾವುದೇ ಹಬ್ಬದೂಟದ ಪಂಕ್ತಿಯನ್ನು ಗಮನಿಸಿ. ಹಿರಿಯರು ಒಬ್ಬಟ್ಟಿನ ಮೇಲೆ ತುಪ್ಪ ಹಾಕಿಸಿಕೊಂಡು ನೆಮ್ಮದಿಯಿಂದ ಉಣ್ಣುತ್ತಿರುತ್ತಾರೆ. ನಿಮ್ಮಲ್ಲಿ ಅನೇಕರು ಮಾತ್ರ ಎಲೆಯ ಮುಂದೆ ಕುಳಿತು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುತ್ತೀರಿ. ಒಬ್ಬರದು ಕೀಟೋ, ಒಬ್ಬರದು ಪೇಲಿಯೋ, ಇನ್ನೊಬ್ಬರದು ದಿನಕ್ಕೆ ಹದಿನಾರು ಗಂಟೆ ಉಪವಾಸ. ಮದುವೆ ಗೊತ್ತಾದ ಹುಡುಗಿ ಮೂರು ತಿಂಗಳಿನಿಂದ ಅನ್ನ ಮುಟ್ಟಿಲ್ಲ. ಇಷ್ಟೆಲ್ಲಾ ಮಾಡಿಯೂ ನೆಮ್ಮದಿ ಸಿಕ್ಕಿದೆಯೇ ಎಂದು ಕೇಳಿದರೆ "ಇಲ್ಲ" ಎನ್ನುವವರೇ ಹೆಚ್ಚು.

ಇದಕ್ಕೆ ಪರ್ಯಾಯವಾಗಿ ಈಗ "ಇಂಟ್ಯೂಟಿವ್ ಈಟಿಂಗ್" ಎಂಬ ಹೆಸರು ನಿಮ್ಮ ಕಿವಿಗೆ ಬಿದ್ದಿರಬಹುದು. ಅಮೆರಿಕದ ಇಬ್ಬರು ಆಹಾರತಜ್ಞೆಯರು, ಎವಲಿನ್ ಟ್ರಿಬೋಲಿ ಮತ್ತು ಎಲಿಸ್ ರೆಶ್, 1995ರಲ್ಲಿ ಇದೇ ಹೆಸರಿನ ಪುಸ್ತಕ ಬರೆದು ಹತ್ತು ಸೂತ್ರಗಳನ್ನು ಕೊಟ್ಟರು. ಅವುಗಳ ತಿರುಳು ಸರಳ. ಹಸಿವಾದಾಗ ಉಣ್ಣಿ, ತೃಪ್ತಿಯಾದಾಗ ನಿಲ್ಲಿಸಿ, ತಿಂಡಿಗಳಿಗೆ ಪಾಪ-ಪುಣ್ಯದ ಪಟ್ಟಿ ಕಟ್ಟಬೇಡಿ, ಬೇಸರಕ್ಕೆ ಊಟವನ್ನೇ ಮದ್ದು ಮಾಡಬೇಡಿ, ಮೈಯನ್ನು ಆಡಿಸಿ, ಪೌಷ್ಟಿಕತೆಯನ್ನೂ ಮರೆಯಬೇಡಿ. ನಾವು ಇದನ್ನು "ಅರಿತು ಉಣ್ಣುವುದು" ಎಂದು ಕರೆಯೋಣ.

ಇದು ನಮಗೆ ತೀರಾ ಹೊಸದೇನೂ ಅಲ್ಲ. ಹೊಟ್ಟೆಯ ಅರ್ಧ ಭಾಗ ಅನ್ನಕ್ಕೆ, ಕಾಲು ಭಾಗ ನೀರಿಗೆ, ಉಳಿದ ಕಾಲು ಭಾಗ ಖಾಲಿ ಇರಲಿ ಎಂದು ವಾಗ್ಭಟನ ಅಷ್ಟಾಂಗಹೃದಯ ಹೇಳುತ್ತದೆ. ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ ಯೋಗ ಸಿದ್ಧಿಸದು ಎಂಬುದು ಗೀತೆಯ ಆರನೆಯ ಅಧ್ಯಾಯದ ಮಾತು. ಆದರೂ ನಿಮ್ಮ ಮನಸ್ಸಿನಲ್ಲಿ ಸಂದೇಹಗಳಿರುವುದು ಸಹಜ. ಒಂದೊಂದಾಗಿ ನೋಡೋಣ.

"ಬೇಕಾದ್ದನ್ನೆಲ್ಲ ತಿನ್ನಬಹುದು ಎಂದರೆ ಕೈಮೀರಿ ಹೋಗುವುದಿಲ್ಲವೇ?"

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಉತ್ತರ ನಮ್ಮ ಚೆನ್ನೈಯ ಹೋಟೆಲುಗಳಲ್ಲೇ ಇದೆ. ಉಡುಪಿ ಸೀಮೆಯಿಂದ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಕೆಥೆಡ್ರಲ್ ರಸ್ತೆಯಲ್ಲಿ 1962ರಿಂದ 2008ರವರೆಗೆ ನಡೆದ ಡ್ರೈವ್-ಇನ್ ಅನ್ನು ನಿಮ್ಮ ತಂದೆತಾಯಿ ಈಗಲೂ ನೆನೆಸಿಕೊಳ್ಳುತ್ತಾರೆ. ಕನ್ನಡಿಗರು ಬೆಳೆಸಿದ ಇಂಥ ಸಸ್ಯಾಹಾರಿ ಹೋಟೆಲುಗಳ ಊರಿನಲ್ಲಿ "ಅನ್‌ಲಿಮಿಟೆಡ್ ಮೀಲ್ಸ್" ಎಂಬ ಬೋರ್ಡು ಎಲ್ಲೆಲ್ಲೂ ಕಾಣುತ್ತದೆ. ಒಮ್ಮೆ ದುಡ್ಡು ಕೊಟ್ಟರಾಯಿತು, ಎಷ್ಟು ಬೇಕಾದರೂ ಬಡಿಸುತ್ತಾರೆ. ಮೊದಲ ಸಲ ಬಂದವನು ಕೊಟ್ಟ ದುಡ್ಡಿಗೆ ನ್ಯಾಯ ಸಲ್ಲಿಸಲು ಉಸಿರು ಕಟ್ಟುವಷ್ಟು ತಿನ್ನುತ್ತಾನೆ. ದಿನವೂ ಬರುವ ಗಿರಾಕಿ? ಅನ್ನ, ಸಾಂಬಾರು, ರಸಂ, ಮಜ್ಜಿಗೆ ಮುಗಿಸಿ, ಎಲೆಯ ಮೇಲೆ ಕೈ ಅಡ್ಡ ಹಿಡಿದು "ಪೋದುಂ" ಎಂದು ಎದ್ದು ಹೋಗುತ್ತಾನೆ. ನಾಳೆಯೂ ಸಿಗುತ್ತದೆ ಎಂಬ ಭರವಸೆ ಅವನಿಗಿದೆ. ಆದುದರಿಂದ ಇಂದೇ ಎಲ್ಲವನ್ನೂ ಮುಗಿಸುವ ಆತುರ ಅವನಿಗಿಲ್ಲ.

ಡಯಟ್ ಈ ಭರವಸೆಯನ್ನೇ ಕಿತ್ತುಕೊಳ್ಳುತ್ತದೆ. "ಸೋಮವಾರದಿಂದ ಮೈಸೂರು ಪಾಕ್ ಬಂದ್" ಎಂದು ತೀರ್ಮಾನಿಸಿದವರು ಭಾನುವಾರ ರಾತ್ರಿ ಎಷ್ಟು ತುಂಡು ತಿನ್ನುತ್ತಾರೆಂಬುದು ನಿಮಗೇ ಗೊತ್ತು! ಡಬ್ಬ ಕಪಾಟಿನಲ್ಲೇ ಇದೆ, ಬೇಕೆನಿಸಿದಾಗ ಒಂದು ತುಂಡು ತಿನ್ನಬಹುದು ಎಂಬುದು ಮನಸ್ಸಿಗೆ ಖಾತ್ರಿಯಾದರೆ ಅದರ ಸೆಳೆತ ನಿಧಾನವಾಗಿ ಇಳಿಯುತ್ತದೆ. ಮೊದಲ ಕೆಲವು ವಾರ ಸ್ವಲ್ಪ ಹೆಚ್ಚು ತಿನ್ನಬಹುದು. ಅದಕ್ಕೆ ಗಾಬರಿ ಬೇಡ.

"ಡಯಟ್ ಮಾಡಿದರೆ ತೂಕ ಇಳಿಯುತ್ತದಲ್ಲವೇ?"

ಇಳಿಯುತ್ತದೆ, ಮೊದಮೊದಲು. ಆಮೇಲೆ ದೇಹ ತಿರುಗಿ ಬೀಳುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ ಆರು ತಿಂಗಳ ಕಾಲ ಅರೆಹೊಟ್ಟೆ ಊಟ ಕೊಟ್ಟು ಪರೀಕ್ಷಿಸಿದರು. ಅವರೆಲ್ಲ ತಾವಾಗಿ ಒಪ್ಪಿ ಬಂದವರು, ಗಟ್ಟಿ ಮನಸ್ಸಿನವರು. ಆದರೂ ಕ್ರಮೇಣ ಊಟದ ವಿನಾ ಬೇರೆ ಯೋಚನೆಯೇ ಅವರಿಗೆ ಬಾರದಾಯಿತು. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು, ತಟ್ಟೆ ನೆಕ್ಕಿದರು, ಸಿಡುಕಿದರು, ಕುಗ್ಗಿ ಕುಳಿತರು. ಪ್ರಯೋಗ ಮುಗಿದ ಮೇಲೂ ಕೆಲವರಿಗೆ ಎಷ್ಟು ತಿಂದರೂ ಹಸಿವು ತಣಿಯಲಿಲ್ಲ. ಡಯಟ್ ಮುರಿದಾಗ "ನನಗೆ ಮನೋಬಲವಿಲ್ಲ" ಎಂದು ಕೊರಗುವವರು ಈ ಯುವಕರನ್ನು ನೆನೆಸಿಕೊಳ್ಳಬೇಕು.

ಹೀಗೇಕೆ ಆಗುತ್ತದೆ ಎಂಬುದು ಈಗ ಇನ್ನಷ್ಟು ಸ್ಪಷ್ಟವಾಗಿದೆ. ದೇಹದ ಕೊಬ್ಬಿನ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವ ಲೆಪ್ಟಿನ್ ಎಂಬ ಹಾರ್ಮೋನು 1994ರಲ್ಲಿ ಪತ್ತೆಯಾಯಿತು, ಹಸಿವನ್ನು ಕೆರಳಿಸುವ ಗ್ರೆಲಿನ್ 1999ರಲ್ಲಿ. ಊಟ ಕಡಿಮೆಯಾದಾಗ ಮೊದಲನೆಯದು ಇಳಿಯುತ್ತದೆ, ಎರಡನೆಯದು ಏರುತ್ತದೆ. ತೂಕ ಇಳಿಸಿಕೊಂಡವರಲ್ಲಿ ಈ ಏರುಪೇರು ಒಂದು ವರ್ಷ ಕಳೆದರೂ ಸರಿಹೋಗಿರಲಿಲ್ಲ ಎಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನ ವೈದ್ಯರು 2011ರಲ್ಲಿ ವರದಿ ಮಾಡಿದರು. ಇನ್ನು 2025ರಿಂದ ಭಾರತದಲ್ಲೂ ಮೌಂಜಾರೊ, ವೆಗೋವಿ ಮುಂತಾದ ಚುಚ್ಚುಮದ್ದುಗಳು ಬಂದಿವೆ. ಅವು ವೈದ್ಯರು ಪರೀಕ್ಷಿಸಿ ಕೊಡಬೇಕಾದ ಔಷಧಗಳು. ಮದುವೆ ಫೋಟೋಗೆಂದು ಗೆಳತಿಯ ಮಾತು ಕೇಳಿ ತೆಗೆದುಕೊಳ್ಳುವಂಥವಲ್ಲ.

"ಹಾಗಾದರೆ ಅರಿತು ಉಂಡರೆ ತೂಕ ಇಳಿಯುತ್ತದೆಯೇ?"

ಇಳಿದೇ ಇಳಿಯುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವರದು ಇಳಿಯಬಹುದು, ಕೆಲವರದು ಏರಬಹುದು, ಹಲವರದು ಇದ್ದಲ್ಲೇ ನಿಲ್ಲಬಹುದು. ಹೀಗೆ ಉಣ್ಣುವವರಲ್ಲಿ ಕದ್ದು ತಿನ್ನುವುದು, ಮಿತಿಮೀರಿ ತಿನ್ನುವುದು, ತಮ್ಮ ದೇಹದ ಬಗ್ಗೆ ಅಸಹ್ಯ ಪಡುವುದು ಕಡಿಮೆ ಎಂಬುದನ್ನು ಮಾತ್ರ ಹಲವು ಅಧ್ಯಯನಗಳು ಕಂಡಿವೆ. ನನ್ನ ದೃಷ್ಟಿಯಲ್ಲಿ ಇದು ಸಣ್ಣ ಲಾಭವಲ್ಲ.

ತೂಕದ ಯಂತ್ರ ಎಲ್ಲವನ್ನೂ ಹೇಳುವುದಿಲ್ಲ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ನಿದರ್ಶನವಿದೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ "ಲ್ಯಾನ್ಸೆಟ್" ಪತ್ರಿಕೆಯಲ್ಲಿ ತಮ್ಮದೇ ಫೋಟೋ ಪ್ರಕಟಿಸಿದರು. ಇಬ್ಬರ ಬಿ.ಎಂ.ಐ. ಒಂದೇ, 22.3. ಆದರೆ ಯುಡ್ಕಿನ್ನರ ದೇಹದಲ್ಲಿ ಕೊಬ್ಬು ಶೇ. 9.1, ನಮ್ಮ ಯಾಜ್ಞಿಕರಲ್ಲಿ ಶೇ. 21.2! ತೆಳ್ಳಗಿದ್ದ ಮಾತ್ರಕ್ಕೆ ಆರೋಗ್ಯವಿದೆ ಎಂದು ನಾವು ಭಾರತೀಯರು ಬೀಗುವಂತಿಲ್ಲ.

"ನಮ್ಮ ಮನೆಯಲ್ಲಿ ಎಲ್ಲರಿಗೂ ಸಕ್ಕರೆ ಕಾಯಿಲೆ. ನಾನು ಲೆಕ್ಕವಿಡದಿದ್ದರೆ ಹೇಗೆ?"

ಇದು ನ್ಯಾಯವಾದ ಭಯ. ಚೆನ್ನೈಯ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಮುಂದಾಳುತನದಲ್ಲಿ ನಡೆದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಹೆಚ್ಚು. ಚೆನ್ನೈ ನಗರದವರ ಊಟವನ್ನೇ ಪರಿಶೀಲಿಸಿದ ಇದೇ ತಜ್ಞರು, ಪಾಲಿಶ್ ಮಾಡಿದ ಬಿಳಿ ಅಕ್ಕಿ ಹೆಚ್ಚು ತಿನ್ನುವವರಲ್ಲಿ ಅಪಾಯ ಹೆಚ್ಚು ಎಂದು 2009ರಲ್ಲೇ ಹೇಳಿದ್ದರು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ. 45ನ್ನು ಮೀರದಿರಲಿ ಎಂಬ ಸಲಹೆ ಇದೆ.

ಅರಿತು ಉಣ್ಣುವವರು ಇಂಥ ತಿಳಿವಳಿಕೆಯನ್ನು ಬದಿಗಿಡಬೇಕಿಲ್ಲ. "ಅರಿತು" ಎಂಬ ಪದದಲ್ಲಿ ಅದೂ ಸೇರಿದೆ. ಮೊದಲು ಕೋಸಂಬರಿ, ಪಲ್ಯ, ಹುಳಿಯಲ್ಲಿನ ಬೇಳೆ ತರಕಾರಿ ಹೆಚ್ಚಾಗಿ ಹಾಕಿಸಿಕೊಂಡು ಅನ್ನವನ್ನು ಆಮೇಲೆ ಅಗತ್ಯದಷ್ಟು ಕೇಳಿ. ವಾರಕ್ಕೆ ಎರಡು ದಿನ ರಾಗಿಮುದ್ದೆಯೋ ರಾಗಿರೊಟ್ಟಿಯೋ ಆಗಲಿ. ಇಲ್ಲಿಯವರು ಕೇಳ್ವರಗು ಎನ್ನುವುದು ನಮ್ಮ ರಾಗಿಯೇ. ಈಗಾಗಲೇ ಮಧುಮೇಹ, ಥೈರಾಯ್ಡ್, ಪಿ.ಸಿ.ಓ.ಡಿ. ಇರುವವರು ವೈದ್ಯರು ಹೇಳಿದ ಪಥ್ಯವನ್ನು ಬಿಡಕೂಡದು. ಹಸಿವಿನ ಮಾತನ್ನು ಆ ಪಥ್ಯದ ಒಳಗೇ ಕೇಳಬೇಕು.

"ನನಗೆ ಹಸಿವೇ ಗೊತ್ತಾಗುವುದಿಲ್ಲ!"

ಓ.ಎಂ.ಆರ್. ಕಂಪನಿಗಳಲ್ಲಿ ರಾತ್ರಿ ಪಾಳಿ ಮಾಡುವವರು, ಪರೀಕ್ಷೆಗೆ ಓದುವವರು ಹೀಗೆ ಹೇಳುವುದು ಸಾಮಾನ್ಯ. ಹಸಿವಾದಾಗಲೆಲ್ಲ ಕಾಫಿ ಕುಡಿದು ಅದನ್ನು ಗದರಿಸಿ ಕೂರಿಸಿದರೆ, ಕೆಲಕಾಲದ ಮೇಲೆ ಅದು ಕರೆಯುವುದನ್ನೇ ಬಿಡುತ್ತದೆ. ಅಂಥವರು ಹಸಿವಿಗಾಗಿ ಕಾಯಬಾರದು. ಮೂರು ಹೊತ್ತು ಗೊತ್ತಾದ ವೇಳೆಗೆ ಉಣ್ಣಿ. ಚೀಲದಲ್ಲಿ ಕಡಲೆಬೀಜವೋ ಉಸಲಿಯೋ ಇರಲಿ, ಅದೇ ನಿಮ್ಮ ಮರೀನಾದ ಸುಂಡಲ್. ದಿನಕ್ಕೆ ಒಂದು ಊಟವನ್ನಾದರೂ ಫೋನು ದೂರವಿಟ್ಟು ಮಾಡಿ. ಕೆಲವೇ ವಾರಗಳಲ್ಲಿ ಹಸಿವು ಮತ್ತೆ ಮಾತಾಡತೊಡಗುತ್ತದೆ.

"ಏಕಾದಶಿ ಉಪವಾಸವೂ ತಪ್ಪೇ?"

ಆರೋಗ್ಯವಂತರಿಗೆ ತಪ್ಪಲ್ಲ. ಅಜ್ಜಿ ಏಕಾದಶಿ ಮಾಡುವುದು ದೇವರಿಗಾಗಿ. ದ್ವಾದಶಿಯ ಬೆಳಿಗ್ಗೆ ಪಾರಣೆ ಮಾಡಿ ನಗುನಗುತ್ತಾ ಉಣ್ಣುತ್ತಾರೆ, ತೂಕದ ಯಂತ್ರ ಹತ್ತುವುದಿಲ್ಲ. ವ್ರತದ ಹೆಸರಿನಲ್ಲಿ ತೂಕ ಇಳಿಸುವ ಲೆಕ್ಕ ನಡೆದಿದ್ದರೆ ಅದು ಡಯಟ್ಟೇ.

"ಮನೆಯವರು ಬಿಡಬೇಕಲ್ಲ!"

ಎಲ್ಲಕ್ಕಿಂತ ಕಠಿಣ ಇದೇ. ಅದೇ ಅತ್ತೆ ಒಂದು ಕೈಯಲ್ಲಿ ಇನ್ನೊಂದು ಒಬ್ಬಟ್ಟು ಬಡಿಸುತ್ತಾ "ಎಷ್ಟು ದಪ್ಪಗಾಗಿದ್ದೀಯೇ, ಹುಡುಗ ಸಿಗಬೇಕಲ್ಲ" ಎನ್ನುತ್ತಾರೆ. ಹುಡುಗರಿಗೂ "ಒಣಕಲು ಕಡ್ಡಿ" ಎಂಬ ಬಿರುದು ತಪ್ಪಿದ್ದಲ್ಲ. ಬಡಿಸುವುದು ಪ್ರೀತಿಯ ಭಾಷೆ, ಅದನ್ನು ಒರಟಾಗಿ ತಳ್ಳಬೇಡಿ. "ಅಜ್ಜಿ, ಬಹಳ ಚೆನ್ನಾಗಿದೆ, ಈಗ ಸಾಕು. ಸಂಜೆಗೆ ಎರಡು ಎತ್ತಿಡಿ" ಎನ್ನಿ. ಅಜ್ಜಿಗೂ ಸಂತೋಷ, ನಿಮಗೂ ಸಂಜೆಯ ತಿಂಡಿ. ದೇಹದ ಮಾತು ಬಂದರೆ "ಅತ್ತೆ, ನನ್ನ ಓದಿನ ಬಗ್ಗೆ ಕೇಳಿ, ಹೇಳುತ್ತೇನೆ" ಎಂದು ನಗುತ್ತಲೇ ಹೇಳಿ. ಈ ಪುಟ ಓದುತ್ತಿರುವ ಹಿರಿಯರಲ್ಲೂ ಒಂದು ಬಿನ್ನಹ: ಮಕ್ಕಳ ತೂಕವನ್ನು ನಾಲ್ಕು ಜನರ ಮುಂದೆ ಎತ್ತಬೇಡಿ. ತಮಾಷೆಗೆಂದು ಆಡಿದ ಒಂದು ಮಾತು ಎಷ್ಟೋ ಮಕ್ಕಳ ಊಟ ಬಿಡಿಸಿದೆ.

ಕೊನೆಯದಾಗಿ, ಗಂಭೀರವಾದ ಒಂದು ಮಾತು. ನಿಮಗಾಗಲಿ ನಿಮ್ಮ ಗೆಳತಿಗಾಗಲಿ ಮುಟ್ಟು ನಿಂತಿದ್ದರೆ, ಪದೇ ಪದೇ ತಲೆ ಸುತ್ತುತ್ತಿದ್ದರೆ, ಉಂಡ ಮೇಲೆ ಬೇಕೆಂದೇ ವಾಂತಿ ಮಾಡುತ್ತಿದ್ದರೆ, ಎಲ್ಲರೆದುರು ಉಣ್ಣಲು ಹೆದರಿಕೆಯಾಗುತ್ತಿದ್ದರೆ, ಅದನ್ನು ಹಟವೆಂದೋ ಬಿಂಕವೆಂದೋ ತಳ್ಳಿಹಾಕಬೇಡಿ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. ವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ.

ಮುಂದಿನ ಹಬ್ಬದೂಟಕ್ಕೆ ಬಂದಾಗ ಒಂದೇ ಒಂದು ಪ್ರಯೋಗ ಮಾಡಿ. ಎರಡನೆಯ ಸಲ ಬಡಿಸಲು ಬಂದಾಗ ಕ್ಯಾಲೊರಿ ಎಣಿಸಬೇಡಿ, ಪಕ್ಕದವರ ಎಲೆಯನ್ನೂ ನೋಡಬೇಡಿ. "ಇನ್ನೂ ಬೇಕೇ?" ಎಂದು ಹೊಟ್ಟೆಯನ್ನೇ ಕೇಳಿ. ಬೇಕು ಎಂದರೆ ಸಂತೋಷವಾಗಿ ಹಾಕಿಸಿಕೊಳ್ಳಿ, ಸಾಕು ಎಂದರೆ ಕೈ ಅಡ್ಡ ಹಿಡಿಯಿರಿ. ನಿಮ್ಮ ಅನುಭವಗಳನ್ನು ಕನ್ನಡದಲ್ಲೇ, ನಾಲ್ಕು ಸಾಲಾದರೂ ಸರಿ, ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.