ಗಲ್ಲಾ ಮೇಲೆ ಲಿಲ್ಲಿ, ಗೋಣಿ ಮೇಲೆ ಬೆಕ್ಕು

ದಿನಸಿ ಅಂಗಡಿಯವರಿಗೆ ಬೆಕ್ಕು ಎಂದರೆ ಸಂಬಳ ಕೇಳದ ಆಳು. ದಿನಕ್ಕಿಷ್ಟು ಹಾಲನ್ನ ಹಾಕಿದರೆ ಸಾಕು, ರಾತ್ರಿಯೆಲ್ಲ ಅಕ್ಕಿ ಮೂಟೆ, ಬೇಳೆ ಮೂಟೆ ಕಾಯುತ್ತೆ. ಇಲಿ ಕಚ್ಚಿದ ಚೀಲದಿಂದ ಬೆಳಗಾಗುವಷ್ಟರಲ್ಲಿ ಎಷ್ಟು ಸುರಿದಿರುತ್ತದೆ ಅನ್ನೋದು ಅನುಭವಿಸಿದವರಿಗೇ ಗೊತ್ತು. ಹೀಗಿರುವಾಗ ಅದೇ ಅಂಗಡಿಯ ಗಲ್ಲಾ ಪಕ್ಕದಲ್ಲಿ, ಅದೇ ಬೆಕ್ಕಿನ ಮೂಗಿನ ಮಟ್ಟಕ್ಕೆ ವಿಷದ ಗಿಡ ತಂದಿಡುತ್ತೇವಲ್ಲ, ಇದಕ್ಕೇನನ್ನೋಣ?

ವಿಷ ಎಂದ ಕೂಡಲೇ ಎಕ್ಕ, ದತ್ತೂರಿ ನೆನಪಾದೀತು. ಅದಲ್ಲ ಸ್ವಾಮಿ. ಸೀಸೆಗೆ ನೀರು ತುಂಬಿ ಬಿಟ್ಟ ಮನಿ ಪ್ಲಾಂಟ್ ಮಾತು. ದುಡ್ಡು ಬರುತ್ತೆ ಅಂತ ಊರಿನ ಎಷ್ಟೋ ಅಂಗಡಿಗಳಲ್ಲಿ ಈ ಬಳ್ಳಿ ಇದೆ. ಬಂತೋ ಇಲ್ಲವೋ ಸಾಹುಕಾರರೇ ಹೇಳಬೇಕು. ಇದು ನಮ್ಮ ಕೆಸುವಿನ ಬಳಗದ ಗಿಡ. ಕೆಸುವಿನ ಎಲೆಯನ್ನು ಹುಣಸೆಹುಳಿ ಇಲ್ಲದೆ ಬೇಯಿಸಿದರೆ ಗಂಟಲು ಕೆರೆಯುತ್ತದಲ್ಲ, ಆ ಸೂಜಿಯಂಥ ಹರಳುಗಳೇ ಇದರಲ್ಲೂ ಇರುವುದು. ಬೆಕ್ಕು ಎಲೆ ಜಗಿದರೆ ಬಾಯಿ ಉರಿದು ಜೊಲ್ಲು ಸುರಿಸುತ್ತೆ, ವಾಂತಿ ಮಾಡುತ್ತೆ. ಆಫೀಸುಗಳ ಮೂಲೆಯಲ್ಲಿ ಬಿಳಿ ಮಚ್ಚೆ ಎಲೆಯ ಡಂಬ್ ಕೇನ್ ಇಟ್ಟಿರುತ್ತಾರೆ, ಅದರದ್ದೂ ಇದೇ ಕಥೆ. ಸಂಕಟ ಹೌದು. ಆದರೆ ಸಾಮಾನ್ಯವಾಗಿ ಪ್ರಾಣ ಹೋಗುವುದಿಲ್ಲ.

ಪ್ರಾಣ ತೆಗೆಯುವುದು ಲಿಲ್ಲಿ. ಈಗ ಅಂಗಡಿ ಉದ್ಘಾಟನೆಯಿರಲಿ, ಬೀಳ್ಕೊಡುಗೆಯಿರಲಿ, ಹಾರದ ಜೊತೆಗೆ ಬೊಕ್ಕೆಯೂ ಬೇಕು. ದೊಡ್ಡ ದಳದ, ಘಮಘಮ ಎನ್ನುವ ಬಿಳಿ, ಗುಲಾಬಿ, ಕಿತ್ತಳೆ ಬಣ್ಣದ ಲಿಲ್ಲಿ ಅದರಲ್ಲಿ ಇದ್ದರೆ ಮರ್ಯಾದೆ ಜಾಸ್ತಿ. ರಿಟೈರಾದವರು ಅದನ್ನು ಬಸ್ಸಿನಲ್ಲಿ ಎದೆಗವಚಿಕೊಂಡು ಮನೆಗೆ ತಂದು, ಟಿ.ವಿ. ಪಕ್ಕದ ಹೂದಾನಿಗೆ ಇಡುತ್ತಾರೆ. ಈ ಹೂವಿನ ಎಲೆ, ದಳ, ಕಾಂಡ, ಗೆಡ್ಡೆ ಎಲ್ಲವೂ ಬೆಕ್ಕಿಗೆ ವಿಷ. ಒಂದೆರಡು ಎಲೆ ತಿಂದರೂ ಸಾಕು. ಮೈಗೆ ಮೆತ್ತಿದ ಹಳದಿ ಪರಾಗವನ್ನು ನೆಕ್ಕಿದರೂ ಆಯಿತು, ಹೂದಾನಿಯ ನೀರು ಕುಡಿದರೂ ಆಯಿತು. ಬೆಕ್ಕಿಗೋ ದಿನವಿಡೀ ಮೈ ನೆಕ್ಕುವುದೇ ಕಸುಬು!

ಇದರ ಮೋಸ ಇರುವುದು ಮುಂದೆ. ಕೆಲವು ಗಂಟೆಗಳಲ್ಲಿ ವಾಂತಿ, ಮಂಕು. ಆಮೇಲೆ ವಾಂತಿ ನಿಂತು ಸ್ವಲ್ಪ ಗೆಲುವಾದಂತೆ ಕಾಣುವುದೂ ಉಂಟು. ‘ಏನೋ ಹೊಟ್ಟೆ ಕೆಟ್ಟಿತ್ತು, ಸರಿಹೋಯ್ತು’ ಅಂತ ಮನೆಯವರು ಸುಮ್ಮನಾಗುತ್ತಾರೆ. ಒಳಗೆ ಕಿಡ್ನಿ ಕೆಡುತ್ತಿರುತ್ತದೆ. ಒಂದರಿಂದ ಮೂರು ದಿನದೊಳಗೆ ಕಿಡ್ನಿ ಕೈಕೊಡುತ್ತದೆ. ನಾಯಿ ತಿಂದರೆ ಹೊಟ್ಟೆ ಕೆಟ್ಟೀತು ಅಷ್ಟೇ, ಬೆಕ್ಕಿಗೆ ಮಾತ್ರ ಈ ಗತಿ. ಯಾವ ಅಂಶದಿಂದ ಹೀಗಾಗುತ್ತದೆ ಎಂಬುದು ವಿಜ್ಞಾನಿಗಳಿಗೂ ಇನ್ನೂ ಸಿಕ್ಕಿಲ್ಲ. ಸುಮಾರು 18 ಗಂಟೆಯೊಳಗೆ ವೈದ್ಯರ ಕೈಗೆ ಸಿಕ್ಕಿ ಡ್ರಿಪ್ ಹಾಕಿದರೆ ಬದುಕುವ ಸಾಧ್ಯತೆ ಚೆನ್ನಾಗಿದೆ. ಶನಿವಾರ ಸಂಜೆ ತಿಂದ ಬೆಕ್ಕನ್ನು ಸೋಮವಾರ ಆಸ್ಪತ್ರೆಗೆ ಹೊತ್ತುಕೊಂಡು ಹೋದರೆ ಡಾಕ್ಟರಾದರೂ ಏನು ಮಾಡಿಯಾರು?

ಹಾಗಂತ ಹೆಸರಿನಲ್ಲಿ ಲಿಲ್ಲಿ ಇದ್ದದ್ದಕ್ಕೆಲ್ಲ ಹೆದರಬೇಕಾಗಿಲ್ಲ. ಪೀಸ್ ಲಿಲ್ಲಿ ಎಂಬುದು ಮನಿ ಪ್ಲಾಂಟಿನ ದಾಯಾದಿ, ಬಾಯಿ ಉರಿಸುತ್ತದೆ, ಕಿಡ್ನಿಯ ತಂಟೆಗೆ ಹೋಗುವುದಿಲ್ಲ. ಗೇಟಿನ ಎರಡೂ ಕಡೆ ಕುಂಡದಲ್ಲಿಡುವ ಸೈಕಾಸ್ ಮಾತ್ರ ಲಿವರ್ ಕೆಡಿಸುವ ಜಾತಿ, ಬೀಜವಂತೂ ಎಲ್ಲಕ್ಕಿಂತ ಕೆಟ್ಟದ್ದು. ಅದು ನಾಯಿಯನ್ನೂ ಬಿಡುವುದಿಲ್ಲ.

ಇನ್ನು ನಮ್ಮ ಮನೆಮದ್ದು. ಏನು ತಿಂದರೂ ಉಪ್ಪುನೀರು ಕುಡಿಸಿ ಕಕ್ಕಿಸುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡಿ, ಆ ಉಪ್ಪೇ ಬೆಕ್ಕಿಗೆ ಇನ್ನೊಂದು ವಿಷ. ಪರಾಗ ಮೆತ್ತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ತಿಂದ ಗಿಡದ ಒಂದು ಎಲೆಯನ್ನು ಜೇಬಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿ.

ನನ್ನ ತಕರಾರು ಗಿಡ ಕೊಳ್ಳುವವರ ಮೇಲಲ್ಲ, ಮಾರುವವರ ಮೇಲೆ. ನರ್ಸರಿಯಲ್ಲಿ ಕುಂಡಕ್ಕೆ ರೇಟಿನ ಚೀಟಿ ಇರುತ್ತೆ, ದಿನಕ್ಕೆಷ್ಟು ನೀರು ಅಂತ ಬಾಯಲ್ಲೂ ಹೇಳ್ತಾರೆ. ಬೆಕ್ಕಿಗಾಗದು ಅನ್ನೋ ಮಾತು ಯಾರ ಬಾಯಲ್ಲೂ ಬರೋಲ್ಲ. ಇಂಗ್ಲೆಂಡಿನ ದೊಡ್ಡ ಅಂಗಡಿಗಳಲ್ಲಿ ಲಿಲ್ಲಿ ಕಟ್ಟಿನ ಮೇಲೆ ಬೆಕ್ಕಿಗೆ ಅಪಾಯ ಎಂಬ ಎಚ್ಚರಿಕೆ ಅಂಟಿಸಿ ಮಾರುತ್ತಾರೆ, ಅವರ ವ್ಯಾಪಾರವೇನೂ ಮುಳುಗಿಲ್ಲ. ಇಲ್ಲಿ ಅದಕ್ಕೊಂದು ಕಾನೂನು ಬರಲಿ ಎಂದು ಕಾಯಬೇಕೇ? ಒಂದು ರಟ್ಟು, ಒಂದು ಸ್ಕೆಚ್ ಪೆನ್ನು ಸಾಕು. ತೋಟಗಾರಿಕೆ ಇಲಾಖೆಯವರು ಫಲಪುಷ್ಪ ಪ್ರದರ್ಶನದಲ್ಲಿ ಹೂವಿನ ಆನೆ, ಹೂವಿನ ಗೋಪುರ ನಿಲ್ಲಿಸುತ್ತಾರಲ್ಲ, ಅದರ ಪಕ್ಕಕ್ಕೊಂದು ಬೋರ್ಡು ಹೆಚ್ಚಾದೀತೇ?

ಅಲ್ಲಿಯವರೆಗೆ ಬೆಕ್ಕು ಸಾಕಿದ ಅಂಗಡಿಯವರು ಬೊಕ್ಕೆ ಕಟ್ಟಿಸುವಾಗ ‘ಲಿಲ್ಲಿ ಬೇಡ, ಗುಲಾಬಿ ಹಾಕಪ್ಪಾ’ ಎಂದು ಬಾಯಿಬಿಟ್ಟು ಹೇಳಿ. ಹಸಿರೇ ಬೇಕಿದ್ದರೆ ಅರೆಕಾ ಪಾಮ್ ಇದೆ, ಸ್ಪೈಡರ್ ಪ್ಲಾಂಟ್ ಇದೆ, ಎರಡೂ ಬೆಕ್ಕಿಗೆ ವಿಷವಲ್ಲ. ಮನಿ ಪ್ಲಾಂಟ್ ಬಿಡಲು ಮನಸ್ಸಿಲ್ಲವೇ, ಸೀಸೆಯನ್ನು ಬೆಕ್ಕು ಹಾರಲಾರದ ಮೊಳೆಗೆ ತೂಗುಹಾಕಿ, ಬಳ್ಳಿ ಕೆಳಗಿಳಿದಂತೆಲ್ಲ ಕತ್ತರಿಸುತ್ತಿರಿ.